ಹೋಸ್ಟ್‌ಗೂ ಗೆಸ್ಟ್‌ಗೂ ನಡುವಿನ ತಂತಿ: ವರ್ಚುವಲ್‌ಬಾಕ್ಸ್‌ ನೆಟ್‌ವರ್ಕ್ ಜತೆ ಒಂಬತ್ತು ವರ್ಷ

"ಮೇಡಂ, ಒಳಗಿನಿಂದ ಇಂಟರ್‌ನೆಟ್ ಬರುತ್ತಿದೆ, ಆದರೆ ನನ್ನ ಲ್ಯಾಪ್‌ಟಾಪ್‌ನಿಂದ ಒಳಗೆ ಹೋಗಲು ಆಗುತ್ತಿಲ್ಲ."

ಪ್ರತಿ ಸೆಮಿಸ್ಟರ್‌ನ ಎರಡನೆಯ ವಾರ ಈ ವಾಕ್ಯವನ್ನು ಕೇಳುತ್ತೇನೆ. ಹೇಳುವ ಮುಖ ಮಾತ್ರ ಬೇರೆ. ನಾನು ಸಿಸ್ಟಂ ಅಡ್ಮಿನಿಸ್ಟ್ರೇಷನ್ ಪ್ರಯೋಗಾಲಯ ನಡೆಸುವವಳು. ಒಂಬತ್ತು ವರ್ಷಗಳಿಂದ ನನ್ನ ವಿದ್ಯಾರ್ಥಿಗಳು ಲಿನಕ್ಸ್ ಕಲಿಯುವುದು ವರ್ಚುವಲ್‌ಬಾಕ್ಸ್‌ನ ಒಳಗೆ, ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರನ್ನು ಓಡಿಸುವ ತಂತ್ರಾಂಶದ ಒಳಗೆ. ಆ ತಂತ್ರಾಂಶದ ಡಿಸ್ಕ್, ಸ್ನ್ಯಾಪ್‌ಶಾಟ್, ಪರದೆ ಇವುಗಳ ಬಗ್ಗೆ ಬರೆಯುವವರು ಬಹಳ ಜನರಿದ್ದಾರೆ. ನಾನು ಇಲ್ಲಿ ಅಳೆಯಲು ಹೊರಟಿರುವುದು ಒಂದನ್ನೇ: ಹೋಸ್ಟ್ ಕಂಪ್ಯೂಟರಿಗೂ ಅದರೊಳಗಿನ ಗೆಸ್ಟ್ ಯಂತ್ರಕ್ಕೂ ನಡುವೆ ಇರುವ, ಕಣ್ಣಿಗೆ ಕಾಣದ ಆ ತಂತಿಯನ್ನು. ಅದು ಕೆಟ್ಟಾಗ ಹುಡುಕುವುದು ಹೇಗೆ, ಹುಡುಕಲು ಈ ತಂತ್ರಾಂಶ ಎಷ್ಟು ನೆರವಾಗುತ್ತದೆ ಎಂಬುದೇ ನನ್ನ ಅಳತೆಗೋಲು.

ಪರಿಚಯ ಚಿಕ್ಕದಾಗಿಯೇ ಸಾಕು. ಜರ್ಮನಿಯ ಇನ್ನೊಟೆಕ್ ಎಂಬ ಕಂಪನಿ 2007ರಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಹೊರತಂದಿತು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪನಿಯನ್ನು ಕೊಂಡಿತು, 2010ರಲ್ಲಿ ಸನ್ ಕಂಪನಿಯೇ ಒರಾಕಲ್‌ನ ಕೈಸೇರಿತು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಒಂದೇ ರೀತಿ ಕಾಣುತ್ತದೆ ಎಂಬುದೇ ನಾನು ಇದನ್ನು ಆರಿಸಿಕೊಂಡ ಕಾರಣ. ಮೂವತ್ತು ಜನರ ತರಗತಿಯಲ್ಲಿ ಮೂವತ್ತು ಬಗೆಯ ಲ್ಯಾಪ್‌ಟಾಪ್ ಇರುತ್ತವೆ, ಎಲ್ಲರಿಗೂ ಒಂದೇ ಪಾಠ ಹೇಳಬೇಕು.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಹೊಸ ಯಂತ್ರವೊಂದನ್ನು ಮಾಡಿದಾಗ ವರ್ಚುವಲ್‌ಬಾಕ್ಸ್ ಅದರ ಮೊದಲ ಅಡಾಪ್ಟರನ್ನು, ಅಂದರೆ ಕಾಲ್ಪನಿಕ ನೆಟ್‌ವರ್ಕ್ ಕಾರ್ಡನ್ನು, ಎನ್‌ಎಟಿ (ವಿಳಾಸ ಬದಲಿಸಿ ಕಳಿಸುವುದು) ಎಂಬ ವಿಧಾನದಲ್ಲಿ ಇಡುತ್ತದೆ. ಗೆಸ್ಟ್‌ಗೆ 10.0.2.15 ಎಂಬ ಐಪಿ ವಿಳಾಸ ಸಿಗುತ್ತದೆ, ಅದರ ಗೇಟ್‌ವೇ, ಅಂದರೆ ಹೊರಹೋಗುವ ಬಾಗಿಲು, 10.0.2.2, ಹೆಸರು ಹುಡುಕಿಕೊಡುವ ಡಿಎನ್‌ಎಸ್ ವಿಳಾಸ ಹಲವು ಸಲ 10.0.2.3. ಗೆಸ್ಟ್ ಹೊರಗೆ ಕಳಿಸುವ ಪ್ರತಿ ಪ್ಯಾಕೆಟ್ಟನ್ನೂ (ಮಾಹಿತಿಯ ತುಂಡನ್ನೂ) ವರ್ಚುವಲ್‌ಬಾಕ್ಸ್ ತಾನೇ ಬಿಚ್ಚಿ, ಹೋಸ್ಟ್‌ನಲ್ಲಿ ಓಡುತ್ತಿರುವ ಒಂದು ಸಾಧಾರಣ ಪ್ರೋಗ್ರಾಂ ಕಳಿಸುವಂತೆ ಮತ್ತೆ ಕಳಿಸುತ್ತದೆ. ಹೀಗಾಗಿ ಹೋಸ್ಟ್‌ನ ರೂಟಿಂಗ್ ಕೋಷ್ಟಕದಲ್ಲಿ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಯಲ್ಲಿ, 10.0.2.15 ಎಂಬುದಕ್ಕೆ ದಾರಿಯೇ ಇಲ್ಲ. ಆ ಸಂಖ್ಯೆ ಆ ಒಂದು ಗೆಸ್ಟ್‌ನ ಕೋಣೆಯೊಳಗೆ ಮಾತ್ರ ಚಲಾವಣೆಯಲ್ಲಿರುವುದು.

ಇದನ್ನು ಮನದಟ್ಟು ಮಾಡಲು ಪ್ರತಿ ವರ್ಷ ಒಂದೇ ಪ್ರಯೋಗ ಮಾಡಿಸುತ್ತೇನೆ. ಅಕ್ಕಪಕ್ಕ ಕುಳಿತ ಇಬ್ಬರು ತಮ್ಮ ತಮ್ಮ ಗೆಸ್ಟ್‌ನ ವಿಳಾಸವನ್ನು ಗಟ್ಟಿಯಾಗಿ ಓದಬೇಕು. ಇಬ್ಬರೂ 10.0.2.15 ಎನ್ನುತ್ತಾರೆ. ಒಬ್ಬರೇ ಎರಡು ಗೆಸ್ಟ್ ಓಡಿಸಿದರೂ ಎರಡಕ್ಕೂ ಅದೇ ವಿಳಾಸ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ, ಆಮೇಲೆ ಯಾರಾದರೂ ಒಬ್ಬರು "ಹಾಗಾದರೆ ಅದು ನಿಜವಾದ ವಿಳಾಸ ಅಲ್ಲವಾ ಮೇಡಂ?" ಎನ್ನುತ್ತಾರೆ. ನಿಜವಾದದ್ದೇ, ಆದರೆ ಅವರವರ ಕೋಣೆಗೆ ಮಾತ್ರ. ಈ ಒಂದು ಸಂಗತಿ ತಲೆಗೆ ಹೋದರೆ ಮುಂದಿನ ಅರ್ಧ ಸೆಮಿಸ್ಟರ್ ಸುಗಮ.

ಎನ್‌ಎಟಿಯನ್ನು ಮೊದಲ ಆಯ್ಕೆಯಾಗಿಟ್ಟದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ಕಲಿಯುವವರ ಯಂತ್ರದಲ್ಲಿ ದುರ್ಬಲ ಪಾಸ್‌ವರ್ಡ್ ಇರುತ್ತದೆ, ಅರೆಬರೆ ಸಿದ್ಧವಾದ ಸರ್ವರ್ ಇರುತ್ತದೆ. ಅದು ಹೊರಗಿನವರಿಗೆ ಕಾಣದಿರುವುದೇ ಕ್ಷೇಮ. ಆದರೆ ಸೆಟ್ಟಿಂಗ್ ಕಿಟಕಿಯಲ್ಲಿ "ಎನ್‌ಎಟಿ" ಎಂಬ ಮೂರು ಅಕ್ಷರ ಬಿಟ್ಟರೆ ಹೊಸಬರಿಗೆ ಬೇರೆ ಸುಳಿವಿಲ್ಲ. "ಈ ವಿಧಾನದಲ್ಲಿ ಹೋಸ್ಟ್‌ನಿಂದ ಗೆಸ್ಟ್‌ಗೆ ನೇರ ದಾರಿ ಇಲ್ಲ" ಎಂಬ ಒಂದು ಸಾಲು ಆ ಪಟ್ಟಿಯ ಕೆಳಗೆ ಇದ್ದಿದ್ದರೆ ನನ್ನ ಎರಡನೆಯ ವಾರದ ಅರ್ಧ ಕೆಲಸ ಉಳಿಯುತ್ತಿತ್ತು. ಕೈಪಿಡಿಯಲ್ಲಿ ಈ ವಿಧಾನಗಳನ್ನು ಹೋಲಿಸುವ ಸ್ವಚ್ಛವಾದ ಕೋಷ್ಟಕ ಇದೆ: ಯಾವ ವಿಧಾನದಲ್ಲಿ ಯಾರಿಂದ ಯಾರಿಗೆ ದಾರಿ ಎಂದು. ಅದನ್ನು ಮುದ್ರಿಸಿ ಪ್ರಯೋಗಾಲಯದ ಗೋಡೆಗೆ ಅಂಟಿಸಿದ್ದೇನೆ. ಇರಬೇಕಾದ ಜಾಗ ಮಾತ್ರ ಆ ಕಿಟಕಿಯೇ.

ಎನ್‌ಎಟಿಯಲ್ಲಿ ಒಳಗೆ ಹೋಗಲು ಪೋರ್ಟ್ ಫಾರ್ವರ್ಡಿಂಗ್ ಎಂಬ ಕಿಂಡಿ ಇದೆ. ಹೋಸ್ಟ್‌ನ 2222ನೇ ಪೋರ್ಟಿಗೆ (ಸೇವೆಗಳಿಗಿರುವ ಸಂಖ್ಯೆಯ ಬಾಗಿಲಿಗೆ) ಬಂದದ್ದನ್ನು ಗೆಸ್ಟ್‌ನ 22ಕ್ಕೆ ದಾಟಿಸು ಎಂದು ಒಂದು ನಿಯಮ ಬರೆದರೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ನಡೆಯುತ್ತದೆ. ಯಂತ್ರ ಓಡುತ್ತಿರುವಾಗಲೇ ನಿಯಮ ಸೇರಿಸಬಹುದು, ಇದು ನನಗೆ ಬಹಳ ಮೆಚ್ಚುಗೆ. ಇಲ್ಲೊಂದು ಎಚ್ಚರ ಬೇಕು. ಹೋಸ್ಟ್‌ನಲ್ಲಿ 2222 ತೆರೆದಿದೆಯೇ ಎಂದು ಪರೀಕ್ಷಿಸಿದರೆ ಸದಾ "ತೆರೆದಿದೆ" ಎಂದೇ ಉತ್ತರ ಬರುತ್ತದೆ. ಗೆಸ್ಟ್‌ನಲ್ಲಿ ಎಸ್‌ಎಸ್‌ಎಚ್ ಸರ್ವರನ್ನು ಸ್ಥಾಪಿಸಿಯೇ ಇರದಿದ್ದರೂ ಹಾಗೆಯೇ. ಅಲ್ಲಿ ಬಾಗಿಲು ಕಾಯುತ್ತಿರುವುದು ವರ್ಚುವಲ್‌ಬಾಕ್ಸ್. ಅದು ಮೊದಲು ಬಾಗಿಲು ತೆಗೆದು, ಆಮೇಲೆ ಒಳಗೆ ಯಾರಿದ್ದಾರೆ ಎಂದು ನೋಡುತ್ತದೆ. ಸಂಪರ್ಕ ಸಿಕ್ಕಂತಾಗಿ ಮರುಕ್ಷಣವೇ ಕಡಿದುಹೋದರೆ ತಪ್ಪು ಗೆಸ್ಟ್‌ನ ಒಳಗಿದೆ ಎಂದು ತಿಳಿಯಿರಿ. ಲಿನಕ್ಸ್ ಹೋಸ್ಟ್ ಇರುವವರಿಗೆ ಮತ್ತೊಂದು ಮಾತು: ಹೋಸ್ಟ್ ಕಡೆಯ ಪೋರ್ಟ್ ಸಂಖ್ಯೆ 1024ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಬಳಕೆದಾರರ ಖಾತೆಯಿಂದ ನಿಯಮ ಕೆಲಸ ಮಾಡುವುದಿಲ್ಲ. 80 ಬೇಡ, 8080 ಇಡಿ.

ವಿರುದ್ಧ ದಿಕ್ಕಿನ ದಾರಿ, ಅಂದರೆ ಗೆಸ್ಟ್‌ನಿಂದ ಹೋಸ್ಟ್‌ಗೆ, 10.0.2.2 ಎಂಬ ವಿಳಾಸದ ಮೂಲಕ. ಹೋಸ್ಟ್‌ನಲ್ಲಿ 127.0.0.1ಕ್ಕೆ, ಅಂದರೆ ಯಂತ್ರ ತನ್ನನ್ನೇ ಕರೆಯುವ ವಿಳಾಸಕ್ಕೆ, ಮಾತ್ರ ಕಟ್ಟಿಕೊಂಡ ಸೇವೆಯನ್ನು ಗೆಸ್ಟ್ ಮುಟ್ಟಬಹುದೇ ಎಂಬುದಕ್ಕೆ ಈಗಿನ ಆವೃತ್ತಿಗಳಲ್ಲಿ ಪ್ರತ್ಯೇಕ ಆಯ್ಕೆಯೊಂದಿದೆ. ಹಳೆಯ ಯಂತ್ರದಲ್ಲಿ ನಡೆಯುತ್ತಿದ್ದದ್ದು ಹೊಸದಾಗಿ ಮಾಡಿದ ಯಂತ್ರದಲ್ಲಿ ನಡೆಯದಿದ್ದರೆ ಮೊದಲು ಅದನ್ನು ನೋಡಿ.

ಬ್ರಿಡ್ಜ್ ವಿಧಾನದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಗೆಸ್ಟ್‌ಗೆ ದಾರಿ ಸಿಗದಿದ್ದಾಗ ಯಾರನ್ನು ಕೇಳಿದರೂ ಮೊದಲು ಬರುವ ಸಲಹೆ "ಬ್ರಿಡ್ಜ್ ಮಾಡಿಬಿಡು" ಎಂಬುದು. ತಂತಿಯ ನೆಟ್‌ವರ್ಕ್‌ನಲ್ಲಿ, ನಿಮ್ಮದೇ ಹಿಡಿತದಲ್ಲಿರುವ ರೂಟರ್ ಇದ್ದಾಗ, ಅದು ಒಳ್ಳೆಯ ಸಲಹೆ. ಗೆಸ್ಟ್ ನೆಟ್‌ವರ್ಕ್‌ನ ಇನ್ನೊಂದು ಕಂಪ್ಯೂಟರಿನಂತೆ ನಿಲ್ಲುತ್ತದೆ, ರೂಟರ್ ಅದಕ್ಕೂ ಒಂದು ವಿಳಾಸ ಕೊಡುತ್ತದೆ. ವೈ-ಫೈನಲ್ಲಿ ಪರಿಸ್ಥಿತಿ ಬೇರೆ. ವೈ-ಫೈ ಕೇಂದ್ರ ತನ್ನ ಬಳಿ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದ (ಇದು ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ, ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ) ಮಾತನ್ನು ಮಾತ್ರ ಕೇಳುತ್ತದೆ. ಗೆಸ್ಟ್‌ನ ಮ್ಯಾಕ್ ವಿಳಾಸ ಅದಕ್ಕೆ ಅಪರಿಚಿತ. ಆದ್ದರಿಂದ ವರ್ಚುವಲ್‌ಬಾಕ್ಸ್ ಹೊರಗೆ ಹೋಗುವ ಪ್ಯಾಕೆಟ್‌ಗಳ ಮೇಲೆ ಹೋಸ್ಟ್‌ನ ಮ್ಯಾಕ್ ವಿಳಾಸವನ್ನೇ ಬರೆದು ಕಳಿಸಿ, ಬಂದ ಉತ್ತರವನ್ನು ಐಪಿ ನೋಡಿ ಗೆಸ್ಟ್‌ಗೆ ಹಿಂದಿರುಗಿಸುತ್ತದೆ. ಜಾಣತನದ ಏರ್ಪಾಡು, ಐಪಿವಿ4 ಹಾಗೂ ಐಪಿವಿ6ಕ್ಕೆ ನಡೆಯುತ್ತದೆ. ಆದರೂ ಒಂದು ಸಾಧನಕ್ಕೆ ಒಂದೇ ವಿಳಾಸ ಎಂದು ಕಟ್ಟುನಿಟ್ಟು ಮಾಡಿರುವ, ಪ್ರತಿ ಸಾಧನವೂ ಲಾಗಿನ್ ಆಗಬೇಕಾದ ನೆಟ್‌ವರ್ಕ್‌ಗಳಲ್ಲಿ ಈ ಏರ್ಪಾಡು ನಿಲ್ಲುವುದಿಲ್ಲ. ಒಮ್ಮೆ ಹೊರಗಿನ ಸಂಸ್ಥೆಯೊಂದರಲ್ಲಿ ಎರಡು ದಿನದ ತರಬೇತಿ ಕೊಡಲು ಹೋಗಿದ್ದೆ. ಅಲ್ಲಿನ ವೈ-ಫೈ ಅಂಥದ್ದು. ಮೊದಲ ದಿನದ ಬೆಳಗಿನ ಮೂರು ಗಂಟೆ ಯಾರ ಗೆಸ್ಟ್‌ಗೂ ವಿಳಾಸ ಬರಲಿಲ್ಲ. ಎಲ್ಲರ ಪರದೆಯ ಮೇಲೂ 169.254ರಿಂದ ಶುರುವಾಗುವ ಸಂಖ್ಯೆ. ವಿಳಾಸ ಹಂಚುವ ಸೇವೆಯಾದ ಡಿಎಚ್‌ಸಿಪಿಗೆ ಕೂಗಿ ಕೂಗಿ ಉತ್ತರ ಬಾರದಿದ್ದಾಗ ಯಂತ್ರ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಮಧ್ಯಾಹ್ನ ಎಲ್ಲರನ್ನೂ ಹೋಸ್ಟ್-ಓನ್ಲಿ ಎಂಬ ಇನ್ನೊಂದು ವಿಧಾನಕ್ಕೆ ದಾಟಿಸಿದೆ, ಇಪ್ಪತ್ತು ನಿಮಿಷದಲ್ಲಿ ಪಾಠ ಶುರುವಾಯಿತು. ಅಂದಿನಿಂದ ನನ್ನ ಯಾವ ಪಾಠವೂ ಸುತ್ತಲಿನ ನೆಟ್‌ವರ್ಕ್‌ನ ದಯೆಯ ಮೇಲೆ ನಿಂತಿಲ್ಲ.

ಹೋಸ್ಟ್-ಓನ್ಲಿ ಎಂಬುದೇ ಈ ತಂತ್ರಾಂಶದ ನಿಜವಾದ ಬಲ. ಹೋಸ್ಟ್‌ನಲ್ಲಿ ಒಂದು ಕಾಲ್ಪನಿಕ ಅಡಾಪ್ಟರ್ ಹುಟ್ಟುತ್ತದೆ. ಅದರ ವಿಳಾಸ 192.168.56.1. ಗೆಸ್ಟ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ 192.168.56.100ರಲ್ಲಿ ಕುಳಿತು 101ರಿಂದ 254ರವರೆಗೆ ಕೊಡುತ್ತದೆ. ಹೊರಗಿನ ವೈ-ಫೈ ಇರಲಿ ಬಿಡಲಿ, ರೂಟರ್ ಬದಲಾಗಲಿ, ಈ ಪುಟ್ಟ ನೆಟ್‌ವರ್ಕ್ ಹಾಗೆಯೇ ಇರುತ್ತದೆ. ನಾನು ಎಲ್ಲರಿಗೂ ಹೇಳುವ ವ್ಯವಸ್ಥೆ ಇದು: ಮೊದಲ ಅಡಾಪ್ಟರ್ ಎನ್‌ಎಟಿ, ಇಂಟರ್‌ನೆಟ್‌ಗಾಗಿ, ಎರಡನೆಯದು ಹೋಸ್ಟ್-ಓನ್ಲಿ, ಹೋಸ್ಟ್‌ನ ಜತೆ ಮಾತಿಗಾಗಿ. ಎರಡು ಕೆಲಸಕ್ಕೆ ಎರಡು ತಂತಿ. ಒಂದು ಕೆಟ್ಟರೆ ಯಾವುದು ಕೆಟ್ಟಿತೆಂದು ಗೊತ್ತಾಗುತ್ತದೆ.

ಈ ವ್ಯವಸ್ಥೆಯಲ್ಲಿ ಎಡವುವ ಜಾಗಗಳು ಮೂರು. ಉಬುಂಟು ಸರ್ವರ್ ಸ್ಥಾಪಿಸುವಾಗ ಒಂದೇ ಅಡಾಪ್ಟರ್ ಇದ್ದು, ಆಮೇಲೆ ಎರಡನೆಯದನ್ನು ಸೇರಿಸಿದರೆ, ಅದು ಇಎನ್‌ಪಿ0ಎಸ್8 ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ ಹೊರತು ವಿಳಾಸ ಪಡೆಯುವುದಿಲ್ಲ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಕಡತದಲ್ಲಿ ಮೊದಲಿನ ಇಎನ್‌ಪಿ0ಎಸ್3 ಒಂದೇ ಬರೆದಿರುತ್ತದೆ. ಎರಡನೆಯದಕ್ಕೂ ಡಿಎಚ್‌ಸಿಪಿ ಎಂದು ಎರಡು ಸಾಲು ಸೇರಿಸಿದರೆ ಮುಗಿಯಿತು. ಇದನ್ನು ವರ್ಚುವಲ್‌ಬಾಕ್ಸ್‌ನ ದೋಷವೆಂದು ಭಾವಿಸಿ ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕಿದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಆ ಶ್ರಮ ಕಂಡು ಸಂಕಟವಾಗುತ್ತದೆ.

ಎರಡನೆಯದು ವಿಳಾಸದ ವ್ಯಾಪ್ತಿ. ವರ್ಚುವಲ್‌ಬಾಕ್ಸ್‌ನ 6.1.28ನೇ ಆವೃತ್ತಿಯಿಂದ ಈಚೆಗೆ ಲಿನಕ್ಸ್ ಮತ್ತು ಮ್ಯಾಕ್ ಹೋಸ್ಟ್‌ಗಳಲ್ಲಿ ಹೋಸ್ಟ್-ಓನ್ಲಿಗೆ 192.168.56.0/21 ವ್ಯಾಪ್ತಿಯ (192.168.56.0ರಿಂದ 192.168.63.255ರವರೆಗಿನ) ವಿಳಾಸಗಳನ್ನು ಮಾತ್ರ ಬಿಡುತ್ತಾರೆ. ಬೇರೆ ಬೇಕಿದ್ದರೆ ಹೋಸ್ಟ್‌ನಲ್ಲಿ ನೆಟ್‌ವರ್ಕ್ಸ್ ಡಾಟ್ ಕಾನ್ಫ್ ಎಂಬ ಕಡತದಲ್ಲಿ ಅನುಮತಿ ಬರೆಯಬೇಕು. ಹಳೆಯ ಟಿಪ್ಪಣಿ ಹಿಡಿದು 10.10.10.1 ಎಂದು ಕೊಟ್ಟವರಿಗೆ ತಪ್ಪಿನ ಸಂದೇಶ ಎದುರಾಗುವುದು ಇದರಿಂದ. ಯಾರೋ ಬಳಕೆದಾರ ಹೋಸ್ಟ್‌ನ ರೂಟಿಂಗನ್ನು ಕಲಕದಂತೆ ತಡೆಯುವ ಈ ಬದಲಾವಣೆಗೆ ನನ್ನ ಒಪ್ಪಿಗೆ ಇದೆ.

ಮೂರನೆಯದು ವಿಂಡೋಸ್ ಹೋಸ್ಟ್‌ನ ಫೈರ್‌ವಾಲ್ (ಒಳಬರುವ ಸಂಪರ್ಕಗಳನ್ನು ತಡೆಯುವ ಕಾವಲು), ಇದರಿಂದ ಆಗುವ ಗೊಂದಲ ದೊಡ್ಡದು. ಹೋಸ್ಟ್-ಓನ್ಲಿ ಅಡಾಪ್ಟರಿಗೆ ಗೇಟ್‌ವೇ ಇರುವುದಿಲ್ಲ, ಹಾಗಾಗಿ ವಿಂಡೋಸ್ ಅದನ್ನು ಗುರುತಿಲ್ಲದ ನೆಟ್‌ವರ್ಕ್ ಎಂದು ಕರೆದು ಸಾರ್ವಜನಿಕ ಎಂಬ ವರ್ಗಕ್ಕೆ ಹಾಕುತ್ತದೆ. ಸಾರ್ವಜನಿಕ ವರ್ಗದಲ್ಲಿ ಒಳಬರುವ ಪಿಂಗ್‌ಗೆ, ಅಂದರೆ "ಇದ್ದೀಯಾ?" ಎಂಬ ಕೂಗಿಗೆ, ಉತ್ತರವಿಲ್ಲ. ಪರಿಣಾಮವಾಗಿ ಹೋಸ್ಟ್‌ನಿಂದ ಗೆಸ್ಟ್‌ಗೆ ಪಿಂಗ್ ಹೋಗುತ್ತದೆ, ಗೆಸ್ಟ್‌ನಿಂದ ಹೋಸ್ಟ್‌ಗೆ ಹೋಗುವುದಿಲ್ಲ. ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ತಂತಿ ಇರುವುದಿಲ್ಲ. ಹಾಗೆ ಕಂಡರೆ ನಡುವೆ ಕಾವಲುಗಾರರೊಬ್ಬರು ಇದ್ದಾರೆ ಎಂದೇ ಅರ್ಥ. ದಯವಿಟ್ಟು ಫೈರ್‌ವಾಲ್ ನಿಲ್ಲಿಸಬೇಡಿ. ಐಸಿಎಂಪಿವಿ4 ಎಕೋ ಕೋರಿಕೆಯನ್ನು, ಅಂದರೆ ಪಿಂಗನ್ನು, ಒಳಬಿಡುವ ನಿಯಮ ಮೊದಲೇ ಬರೆದಿಟ್ಟಿರುತ್ತದೆ, ಅದೊಂದನ್ನು ಚಾಲೂ ಮಾಡಿದರೆ ಸಾಕು.

ಹುಡುಕುವ ಬಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ರಯೋಗಾಲಯದಲ್ಲಿ ನಾನು ಒಂದು ನಿಯಮ ಮಾಡಿದ್ದೇನೆ: "ಕನೆಕ್ಟ್ ಆಗುತ್ತಿಲ್ಲ" ಎಂದು ಯಾರೂ ನನ್ನ ಬಳಿ ಬರುವಂತಿಲ್ಲ. ಏನು ಉತ್ತರ ಬಂತು, ಎಷ್ಟು ಹೊತ್ತಿಗೆ ಬಂತು ಎಂದು ಹೇಳಬೇಕು. ಏಕೆಂದರೆ ನಿರಾಕರಣೆಯೂ ಮೌನವೂ ಒಂದೇ ಅಲ್ಲ.

ಗುಂಡಿ ಒತ್ತಿದ ಕ್ಷಣವೇ "ಕನೆಕ್ಷನ್ ರೆಫ್ಯೂಸ್ಡ್" ಎಂದು ಬಂದರೆ ಸಂತೋಷಪಡಿ. ನಿಮ್ಮ ಪ್ಯಾಕೆಟ್ ಅತ್ತ ತಲುಪಿದೆ, ಅತ್ತಲಿನ ಯಂತ್ರ ಓದಿದೆ, "ಈ ಪೋರ್ಟಿನಲ್ಲಿ ಯಾರೂ ಇಲ್ಲ" ಎಂದು ಉತ್ತರಿಸಿದೆ. ತಂತಿ ಸರಿಯಾಗಿದೆ, ನೆಟ್‌ವರ್ಕ್ ಸೆಟ್ಟಿಂಗ್ ಮುಟ್ಟಲೇಬೇಡಿ. ಸೇವೆ ಓಡುತ್ತಿಲ್ಲ, ಇಲ್ಲವೇ 127.0.0.1ಕ್ಕೆ ಮಾತ್ರ ಕಟ್ಟಿಕೊಂಡಿದೆ. ಎರಡನೆಯದೇ ಹೆಚ್ಚು. ವೆಬ್ ತಂತ್ರಾಂಶ ಕಟ್ಟಲು ಬಳಸುವ ಜಾಂಗೋದ ಪರೀಕ್ಷಾ ಸರ್ವರ್ ಹಾಗೆಯೇ ಶುರುವಾಗುತ್ತದೆ, ಫ್ಲಾಸ್ಕ್ ಹಾಗೆಯೇ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ತಾನಾಗಿ ಲೋಕಲ್‌ಹೋಸ್ಟ್‌ಗೆ (127.0.0.1ಕ್ಕೆ) ಮಾತ್ರ ಕಿವಿಗೊಡುತ್ತದೆ. ಗೆಸ್ಟ್‌ನ ಒಳಗೆ ಬ್ರೌಸರ್ ತೆರೆದು ನೋಡಿದರೆ ಪುಟ ಬರುತ್ತದೆ, ಹೊರಗಿನಿಂದ ಇಲ್ಲ. ಗೆಸ್ಟ್‌ನಲ್ಲಿ ಎಸ್‌ಎಸ್ ಆಜ್ಞೆ ಕೊಟ್ಟು ಯಾವ ವಿಳಾಸದ ಮೇಲೆ ಕಿವಿಗೊಟ್ಟಿದೆ ಎಂದು ಓದಿ. 0.0.0.0 ಎಂದಿದ್ದರೆ ಎಲ್ಲ ಬಾಗಿಲಿನಿಂದಲೂ, 127.0.0.1 ಎಂದಿದ್ದರೆ ಮನೆಯೊಳಗಿನವರಿಗೆ ಮಾತ್ರ.

ಉತ್ತರವೇ ಬಾರದೆ ಒಂದೆರಡು ನಿಮಿಷ ಕಾದು ಸೋತರೆ, ಅದು ಮೌನ. ಯಾರೋ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತಿದ್ದಾರೆ. ಬಹುತೇಕ ಫೈರ್‌ವಾಲ್.

"ನೋ ರೂಟ್ ಟು ಹೋಸ್ಟ್" ಎಂಬುದು ಹಾದಿ ತಪ್ಪಿಸುವ ಸಂದೇಶ. ಅಕ್ಷರಾರ್ಥ ನಂಬಿ ರೂಟಿಂಗ್ ಕೋಷ್ಟಕ ತಿದ್ದಲು ಹೊರಡುತ್ತಾರೆ. ಒಂದೇ ಸಬ್‌ನೆಟ್‌ನಲ್ಲಿ (ಒಂದೇ ಪುಟ್ಟ ನೆಟ್‌ವರ್ಕ್‌ನೊಳಗೆ) ಇದು ಎರಡು ಕಾರಣಕ್ಕೆ ಬರುತ್ತದೆ: ಆ ವಿಳಾಸದ ಯಂತ್ರ ಎಆರ್‌ಪಿ ಕೂಗಿಗೆ (ಈ ಐಪಿ ಯಾರದು, ನಿನ್ನ ಮ್ಯಾಕ್ ವಿಳಾಸ ಹೇಳು ಎಂಬ ಕೂಗಿಗೆ) ಓಗೊಡಲಿಲ್ಲ, ಇಲ್ಲವೇ ಗೆಸ್ಟ್‌ನ ಫೈರ್‌ವಾಲ್ "ಆಡಳಿತದ ನಿಷೇಧ" ಎಂಬ ಐಸಿಎಂಪಿ ಉತ್ತರ ಕಳಿಸಿತು. ಫೆಡೋರಾ, ರಾಕಿ ಮುಂತಾದ, ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಇರುವ ಲಿನಕ್ಸ್ ಗೆಸ್ಟ್‌ಗಳಲ್ಲಿ ಎರಡನೆಯದು ಸಾಮಾನ್ಯ. ಇವೆರಡನ್ನೂ ಬೇರ್ಪಡಿಸುವ ದಾರಿ ಎಆರ್‌ಪಿ ಕೋಷ್ಟಕ. ಹೋಸ್ಟ್‌ನಲ್ಲಿ ಅದನ್ನು ತೆರೆದು ಗೆಸ್ಟ್‌ನ ಐಪಿ ಎದುರು 08:00:27ರಿಂದ ಶುರುವಾಗುವ ಮ್ಯಾಕ್ ಇದೆಯೇ ನೋಡಿ. ವರ್ಚುವಲ್‌ಬಾಕ್ಸ್ ತನ್ನ ಗೆಸ್ಟ್‌ಗಳಿಗೆ ಕೊಡುವ ಗುರುತು ಅದು. ಇದ್ದರೆ ತಂತಿ ಗಟ್ಟಿಯಾಗಿದೆ, ಫೈರ್‌ವಾಲ್ ಕಡೆ ಹೋಗಿ. ಇರದಿದ್ದರೆ ತಪ್ಪು ಕೆಳಗಿದೆ: ಅಡಾಪ್ಟರ್, ವಿಧಾನ, ಅಥವಾ ಸೆಟ್ಟಿಂಗ್‌ನಲ್ಲಿ "ಕೇಬಲ್ ಕನೆಕ್ಟೆಡ್" ಎಂಬ ಚೌಕದ ಗುರುತು ತೆಗೆದುಹೋಗಿರುವುದು. ಪಿಂಗ್‌ಗೆ ಉತ್ತರ ಕೊಡದ ಯಂತ್ರವೂ ಎಆರ್‌ಪಿಗೆ ಉತ್ತರ ಕೊಡುತ್ತದೆ. ಪಿಂಗ್ ಒಂದನ್ನೇ ನಂಬಿ ಕುಳಿತವರಿಗೆ ಈ ಕೋಷ್ಟಕ ಓದುವುದನ್ನು ಕಲಿಸುವುದೇ ನನ್ನ ಮುಖ್ಯ ಪಾಠವಾಗಿದೆ.

ನನ್ನನ್ನು ಅತಿ ಹೆಚ್ಚು ಕಾಡಿದ ತೊಂದರೆ ಒಂದುಂಟು. ನಾಲ್ಕು ಗೆಸ್ಟ್‌ಗಳ ಪ್ರಯೋಗಕ್ಕೆಂದು ಒಂದು ಉಬುಂಟು ಸರ್ವರ್ ಸಿದ್ಧಪಡಿಸಿ ಅದರ ಮೂರು ಪ್ರತಿ ತೆಗೆದೆ. ಪ್ರತಿ ತೆಗೆಯುವಾಗ ಹೊಸ ಮ್ಯಾಕ್ ವಿಳಾಸಗಳನ್ನು ಕೊಡು ಎಂದು ಆರಿಸಿದ್ದೆ. ಎರಡು ಗೆಸ್ಟ್ ಚಾಲೂ ಮಾಡಿ, ಒಂದರಲ್ಲಿ ಕಡತ ಬರೆದು, ಹೊರಬಂದು ಮತ್ತೆ ಒಳಹೋದರೆ ಕಡತ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹೋದರೆ ಇದೆ. ಡಿಸ್ಕ್ ಹಾಳಾಗಿದೆ ಎಂದುಕೊಂಡು ಒಂದು ಸಂಜೆ ಪೂರ್ತಿ ಡಿಸ್ಕ್ ಪರೀಕ್ಷೆಯಲ್ಲಿ ಕಳೆದೆ.

ಎರಡೂ ಗೆಸ್ಟ್‌ಗಳಿಗೆ ಡಿಎಚ್‌ಸಿಪಿ ಒಂದೇ ವಿಳಾಸ ಕೊಟ್ಟಿತ್ತು. ಮ್ಯಾಕ್ ಬೇರೆ ಇದ್ದರೂ. ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಂಡಿ-ನೆಟ್‌ವರ್ಕ್‌ಡಿ ಡಿಎಚ್‌ಸಿಪಿಗೆ ತನ್ನ ಗುರುತು ಹೇಳುವಾಗ ಮ್ಯಾಕ್ ವಿಳಾಸ ಹೇಳುವುದಿಲ್ಲ. ಮಷೀನ್-ಐಡಿ ಎಂಬ ಕಡತದಿಂದ ಹುಟ್ಟಿಸಿದ ಗುರುತನ್ನು ಹೇಳುತ್ತದೆ. ಪ್ರತಿ ತೆಗೆದಾಗ ಆ ಕಡತವೂ ಅಕ್ಷರಶಃ ಪ್ರತಿಯಾಗುತ್ತದೆ. ಡಿಎಚ್‌ಸಿಪಿ ದೃಷ್ಟಿಯಲ್ಲಿ ನಾಲ್ಕೂ ಒಂದೇ ಯಂತ್ರ. ಸಾಮಾನ್ಯವಾಗಿ ಬೇರೆ ಯಂತ್ರಕ್ಕೆ ಹೊಕ್ಕಾಗ ಎಸ್‌ಎಸ್‌ಎಚ್ "ಕೀಲಿ ಬದಲಾಗಿದೆ" ಎಂದು ಎಚ್ಚರಿಸುತ್ತದೆ, ಆದರೆ ಆ ಕೀಲಿಗಳೂ ಪ್ರತಿಯಾಗಿದ್ದವು. ಯಂತ್ರದ ಹೆಸರೂ ಅದೇ. ಯಾವ ಬಾಗಿಲೂ ನನ್ನನ್ನು ತಡೆದು "ಇದು ಬೇರೆ ಮನೆ" ಎನ್ನಲಿಲ್ಲ. ಕೊನೆಗೆ ತಿಳಿಸಿದ್ದು ಮತ್ತೆ ಎಆರ್‌ಪಿ ಕೋಷ್ಟಕವೇ: ಒಂದೇ ಐಪಿಯ ಎದುರು ಮ್ಯಾಕ್ ವಿಳಾಸ ಬದಲಾಗುತ್ತಿತ್ತು.

ಈಗ ಪ್ರತಿ ತೆಗೆಯುವ ಮುನ್ನ ಮೂಲ ಯಂತ್ರದಲ್ಲಿ ಮಷೀನ್-ಐಡಿ ಕಡತವನ್ನು ಖಾಲಿ ಮಾಡುತ್ತೇನೆ. ಮುಂದಿನ ಸಲ ಚಾಲೂ ಆದಾಗ ಪ್ರತಿಯೊಂದೂ ಹೊಸದನ್ನು ಬರೆದುಕೊಳ್ಳುತ್ತದೆ. ಎಸ್‌ಎಸ್‌ಎಚ್ ಕೀಲಿಗಳನ್ನೂ, ಹೆಸರನ್ನೂ ಹೊಸದಾಗಿ ಮಾಡುತ್ತೇನೆ. ಹಾಗೆ ಮಾಡಲು ಮನಸ್ಸಿಲ್ಲದವರು ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ ಗುರುತು ಮ್ಯಾಕ್ ಆಗಿರಲಿ ಎಂದು ಒಂದು ಸಾಲು ಬರೆಯಬಹುದು.

ಇಷ್ಟು ಹೇಳಿದ ಮೇಲೆ, ವರ್ಚುವಲ್‌ಬಾಕ್ಸ್‌ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವ, ಕಿಟಕಿಗಳಲ್ಲಿ ಎಲ್ಲೂ ಕಾಣದ ಒಂದು ಸೌಲಭ್ಯದ ಬಗ್ಗೆ. ಅದರ ಹೆಸರು ನಿಕ್‌ಟ್ರೇಸ್. ವಿಬಾಕ್ಸ್‌ಮ್ಯಾನೇಜ್ ಎಂಬ ಆಜ್ಞಾ ಸಾಧನದಿಂದ ಗೆಸ್ಟ್‌ನ ಯಾವ ಅಡಾಪ್ಟರ್ ಎಂದು ಹೇಳಿ, ಕಡತದ ಹೆಸರು ಕೊಟ್ಟರೆ, ಆ ಕಾಲ್ಪನಿಕ ಕಾರ್ಡಿನ ಮೂಲಕ ಒಳಹೋದ, ಹೊರಬಂದ ಎಲ್ಲ ಪ್ಯಾಕೆಟ್ಟೂ ಕಡತಕ್ಕೆ ಇಳಿಯುತ್ತದೆ. ಅದನ್ನು ಪ್ಯಾಕೆಟ್ ಓದುವ ತಂತ್ರಾಂಶವಾದ ವೈರ್‌ಶಾರ್ಕ್‌ನಲ್ಲಿ ತೆರೆಯಬಹುದು. ಗೆಸ್ಟ್‌ನ ಒಳಗೆ ಏನೂ ಸ್ಥಾಪಿಸಬೇಕಿಲ್ಲ, ಅಲ್ಲಿನ ಪಾಸ್‌ವರ್ಡ್ ಕೂಡ ಬೇಕಿಲ್ಲ.

ಇದು ಏಕೆ ಅಷ್ಟು ಬೆಲೆಬಾಳುತ್ತದೆಂದರೆ, ಈ ಕಾರ್ಡ್ ಇರುವುದು ಗಡಿಯ ಮೇಲೆ. ಗಡಿಯ ಈಚೆ ಹೋಸ್ಟ್, ಆಚೆ ಗೆಸ್ಟ್. ಹೋಸ್ಟ್‌ನಿಂದ ಸಂಪರ್ಕ ಕೋರಿ ಕಳಿಸಿದ ಮೊದಲ ಪ್ಯಾಕೆಟ್ ಈ ಕಡತದಲ್ಲಿ ಇದ್ದರೆ ಹೋಸ್ಟ್ ತನ್ನ ಕೆಲಸ ಮಾಡಿದೆ. ಉತ್ತರ ಇಲ್ಲವೆಂದರೆ ಗೆಸ್ಟ್ ಹೊಣೆ. ಮೊದಲ ಪ್ಯಾಕೆಟ್ಟೇ ಇಲ್ಲದಿದ್ದರೆ ಅದು ಹೋಸ್ಟ್‌ನಲ್ಲೇ ಕಳೆದಿದೆ. ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬಳು ವಿದ್ಯಾರ್ಥಿನಿ ನಾಲ್ಕು ದಿನ ಗೆಸ್ಟ್‌ನ ಫೈರ್‌ವಾಲ್ ನಿಯಮಗಳನ್ನು ತಿದ್ದಿ ತಿದ್ದಿ ಕಂಗಾಲಾಗಿದ್ದಳು. "ನೀನು ಗೆಸ್ಟ್ ಮುಟ್ಟಬೇಡ, ಮೊದಲು ಟ್ರೇಸ್ ಹಾಕು" ಎಂದೆ. ಕಡತದಲ್ಲಿ ಡಿಎಚ್‌ಸಿಪಿ ಮಾತುಕತೆ ಬಿಟ್ಟರೆ ಏನೂ ಇರಲಿಲ್ಲ. ಅವಳ ಲ್ಯಾಪ್‌ಟಾಪ್‌ನಲ್ಲಿ ಉದ್ಯೋಗ ತರಬೇತಿಗೆಂದು ಹಾಕಿಕೊಂಡಿದ್ದ ವಿಪಿಎನ್ ಒಂದಿತ್ತು. ಅದು 192.168ರಿಂದ ಶುರುವಾಗುವ ಎಲ್ಲ ವಿಳಾಸಗಳ ದಾರಿಯನ್ನೂ ತನ್ನ ಕಡೆ ಎಳೆದುಕೊಂಡು, ಸ್ಥಳೀಯ ಸಂಪರ್ಕಗಳನ್ನು ಮುಚ್ಚಿತ್ತು. ವಿಪಿಎನ್ ಕಡಿದ ಕೂಡಲೇ ಗೆಸ್ಟ್ ತೆರೆದುಕೊಂಡಿತು. ನಾಲ್ಕು ದಿನದ ಕೆಲಸಕ್ಕೆ ನಾಲ್ಕು ನಿಮಿಷದ ಉತ್ತರ. ಇಂಥ ಸಾಧನಕ್ಕೆ ಕಿಟಕಿಯಲ್ಲಿ ಒಂದು ಗುಂಡಿ ಇಲ್ಲದಿರುವುದು ನನಗೆ ಬೇಸರ ತರುವ ಸಂಗತಿ. ಒಂದು ಕಿವಿಮಾತು: ಟ್ರೇಸ್ ನಿಲ್ಲಿಸಲು ಮರೆಯಬೇಡಿ, ಕಡತ ಬೆಳೆಯುತ್ತಲೇ ಹೋಗುತ್ತದೆ.

ಅಡಾಪ್ಟರ್‌ನ ಬಗೆ ಬದಲಿಸಿ ನೋಡುವ ಸಲಹೆಯನ್ನೂ ಕೇಳಿರುತ್ತೀರಿ. ಇಂಟೆಲ್ ಪ್ರೊ/1000 ಸಾಮಾನ್ಯವಾಗಿ ಎಲ್ಲ ಕಡೆ ನಡೆಯುತ್ತದೆ. ಲಿನಕ್ಸ್ ಗೆಸ್ಟ್‌ಗೆ ವರ್ಟಿಯೊ ಚೆನ್ನ, ವಿಂಡೋಸ್ ಗೆಸ್ಟ್‌ಗೆ ಅದರ ಡ್ರೈವರ್ ಬೇರೆಯಾಗಿ ಹಾಕಬೇಕು. ಬಹಳ ಹಳೆಯ ಗೆಸ್ಟ್ ಅಲ್ಲದಿದ್ದರೆ ಇಲ್ಲಿ ತಪ್ಪು ಹುಡುಕಿ ಸಮಯ ಕಳೆಯುವುದು ಬೇಡ.

ಇದೇ ಕೆಲಸದ ಬೇರೆ ತಂತ್ರಾಂಶಗಳ ಜತೆ ಹೋಲಿಸಿದರೆ ಹೇಗೆ? ವಿಎಂವೇರ್ ವರ್ಕ್‌ಸ್ಟೇಷನ್‌ನ ಎನ್‌ಎಟಿಯಲ್ಲಿ ಹೋಸ್ಟ್‌ಗೂ ಒಂದು ಅಡಾಪ್ಟರ್ ಸಿಗುತ್ತದೆ, ಹಾಗಾಗಿ ಹೋಸ್ಟ್‌ನಿಂದ ಗೆಸ್ಟ್‌ಗೆ ಮೊದಲ ದಿನವೇ ನೇರ ದಾರಿ. ಆರಂಭಿಕರಿಗೆ ಅದು ಹೆಚ್ಚು ಸರಳ ಎಂದು ಒಪ್ಪಲೇಬೇಕು. ಲಿನಕ್ಸ್‌ನ ಕೆವಿಎಂ ಬಳಸುವವರಿಗೂ 192.168.122ರ ನೆಟ್‌ವರ್ಕ್‌ನಲ್ಲಿ ಅದೇ ಅನುಕೂಲ. ಆದರೆ ಅಲ್ಲಿ ಮ್ಯಾಕ್‌ವಿಟ್ಯಾಪ್ ಎಂಬ ವಿಧಾನ ಆಯ್ದುಕೊಂಡರೆ ಗೆಸ್ಟ್ ಇಡೀ ನೆಟ್‌ವರ್ಕ್‌ನೊಂದಿಗೆ ಮಾತಾಡುತ್ತದೆ, ತನ್ನ ಹೋಸ್ಟ್‌ನೊಂದಿಗೆ ಮಾತ್ರ ಆಡುವುದಿಲ್ಲ. ಅದು ದೋಷವಲ್ಲ, ಅದರ ರಚನೆಯೇ ಹಾಗೆ. ವಿಂಡೋಸ್‌ನ ಹೈಪರ್-ವಿಯ ಡೀಫಾಲ್ಟ್ ಸ್ವಿಚ್ ಹೋಸ್ಟ್ ಮರುಚಾಲೂ ಆದಾಗ ತನ್ನ ವಿಳಾಸ ವ್ಯಾಪ್ತಿಯನ್ನೇ ಬದಲಿಸಬಹುದು, ನಿನ್ನೆ ಬರೆದಿಟ್ಟ ಐಪಿ ಇಂದು ಉಪಯೋಗಕ್ಕೆ ಬಾರದು. ಪಾಠದ ಹಾಳೆಯಲ್ಲಿ ವಿಳಾಸ ಮುದ್ರಿಸಿ ಕೊಡಬೇಕಾದ ನನಗೆ ವರ್ಚುವಲ್‌ಬಾಕ್ಸ್‌ನ 192.168.56 ಎಂಬ ಸ್ಥಿರತೆಯೇ ಹೆಚ್ಚು.

ಹಾಗಾಗಿ ಕಲಿಯುವವರಿಗೆ, ಕಲಿಸುವವರಿಗೆ, ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಮೂರು ಯಂತ್ರಗಳ ಪ್ರಯೋಗ ಮಾಡುವವರಿಗೆ ಇದನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಸೆಟ್ಟಿಂಗ್ ಕಿಟಕಿಯ ಮೌನಕ್ಕೆ ಮತ್ತು ನಿಕ್‌ಟ್ರೇಸನ್ನು ಅಡಗಿಸಿಟ್ಟದ್ದಕ್ಕೆ. ಗೆಸ್ಟ್ ತಮ್ಮ ಕಚೇರಿಯ ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಕಾಣಬೇಕು, ಅದೂ ವೈ-ಫೈ ಮೂಲಕ, ಎನ್ನುವವರು ಮೊದಲು ಆ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಮಾತಾಡಿಸಿ. ಆ ತೊಡಕನ್ನು ಯಾವ ತಂತ್ರಾಂಶ ಬದಲಿಸಿದರೂ ಬಿಡಿಸಲಾಗದು.

ಆ ವಿದ್ಯಾರ್ಥಿನಿ ತನ್ನ ಟ್ರೇಸ್ ಕಡತವನ್ನು ನನಗೆ ಕೊಟ್ಟಿದ್ದಾಳೆ, ಡಿಎಚ್‌ಸಿಪಿಯ ನಾಲ್ಕು ಪ್ಯಾಕೆಟ್ ಬಿಟ್ಟರೆ ಖಾಲಿ ಇರುವುದನ್ನು. ಮುಂದಿನ ಸೆಮಿಸ್ಟರ್‌ನ ಎರಡನೆಯ ವಾರ ಅದನ್ನೇ ಪರದೆಯ ಮೇಲೆ ತೆರೆದು, ಉಳಿದ ಪ್ಯಾಕೆಟ್‌ಗಳು ಎಲ್ಲಿ ಎಂದು ತರಗತಿಯನ್ನು ಕೇಳುವವಳಿದ್ದೇನೆ.